ಹೊಡೆದವರು ಯಾರೆಂದು ಗೊತ್ತಾದ ಮೇಲೆ ಥ್ರಿಲ್ಲರ್‌ನಲ್ಲಿ ನೋಡುವುದಕ್ಕೇನಿದೆ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಹತ್ತಿರ ಇರುವವರು. ಮಳೆ ಜೋರಾಗಿ ತೋಟದ ಕೆಲಸ ನಿಂತಾಗ ನಾನು ಮತ್ತು ನಮ್ಮ ಮಾವ ಹಳೆಯ ಸಿನಿಮಾ ನೋಡುತ್ತೇವೆ. ಮೊನ್ನೆ 1969ರ ಫ್ರೆಂಚ್ ಸಿನಿಮಾ 'ಝಡ್' ನೋಡಿದೆವು. ದೊಡ್ಡ ಪೊಲಿಟಿಕಲ್ ಥ್ರಿಲ್ಲರ್ ಅಂತಾರೆ. ಆದರೆ ಹೊಡೆದವರು ಯಾರು ಅಂತ ಶುರುವಿನಲ್ಲೇ ಕಣ್ಣಾರೆ ಕಾಣುತ್ತದೆ. ಇನ್ನು ಥ್ರಿಲ್ ಎಲ್ಲಿಂದ ಬರಬೇಕು? ಮಾವ ಸೇನೆಯಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು. ಯೂನಿಫಾರಂ ಹಾಕಿದವರನ್ನೆಲ್ಲ ಕೆಟ್ಟವರ ಹಾಗೆ ತೋರಿಸಿದ್ದಾರೆ ಅಂತ ಬೇಜಾರಾಗಿ ಕೊನೆಗೆ ಎದ್ದು ಹೋದರು. ಇಷ್ಟು ಹಳೆಯ, ಬೇರೆ ದೇಶದ ರಾಜಕೀಯದ ಸಿನಿಮಾವನ್ನು ಈಗ ಹೇಗೆ ನೋಡಬೇಕು? ಮೊದಲೇ ಚರಿತ್ರೆ ಓದಿಕೊಂಡು ಕೂರಬೇಕಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಓದಿಕೊಂಡು ಕೂರಬೇಡಿ. ಮೊದಲ ಸಲ ಹಾಗೇ ನೋಡಿ. ಆಮೇಲೆ ಓದಿ. ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ನೋಡಿ. ಮೊದಲನೆಯದು ನಿಮ್ಮದು ಮುಗಿದಿದೆ, ಹಾಗಾಗಿ ನಾನೀಗ ಹಿಂದಿನ ಕಥೆಯನ್ನು ಧಾರಾಳವಾಗಿ ಹೇಳಬಹುದು.

ಸಿನಿಮಾ ನೋಡದವರಿಗಾಗಿ ಎರಡು ಮಾತು. ಹೆಸರು ಹೇಳದ ಒಂದು ದೇಶ. ವೃತ್ತಿಯಲ್ಲಿ ಡಾಕ್ಟರಾಗಿರುವ ವಿರೋಧ ಪಕ್ಷದ ಸಂಸದನೊಬ್ಬ ಅಣ್ವಸ್ತ್ರದ ವಿರುದ್ಧ ಸಭೆ ಮಾಡಲು ಒಂದು ಊರಿಗೆ ಬರುತ್ತಾನೆ. ಗೊತ್ತು ಮಾಡಿದ್ದ ಹಾಲ್ ಕೈತಪ್ಪುತ್ತದೆ. ಹೊರಗೆ ಗೂಂಡಾಗಳು ಸೇರುತ್ತಾರೆ. ಪೊಲೀಸರು ಸುಮ್ನೆ ನಿಂತು ನೋಡುತ್ತಾರೆ. ಸಭೆ ಮುಗಿಸಿ ಚೌಕಕ್ಕೆ ಬಂದಾಗ ಮೂರು ಚಕ್ರದ ಸಾಮಾನು ಗಾಡಿಯೊಂದು ನುಗ್ಗಿ ಬರುತ್ತದೆ. ಹಿಂದೆ ಇದ್ದವನು ದೊಣ್ಣೆ ಬೀಸುತ್ತಾನೆ. ಸಂಸದ ಆಸ್ಪತ್ರೆಯಲ್ಲಿ ಸಾಯುತ್ತಾನೆ. ಕುಡಿದವನ ಗಾಡಿ ಡಿಕ್ಕಿ ಹೊಡೆಯಿತು, ಅಷ್ಟೇ ಅಂತ ಮೇಲಿನವರು ಕೇಸು ಮುಗಿಸಲು ನೋಡುತ್ತಾರೆ. ಆಮೇಲೆ ಬರುವವನು ಒಬ್ಬ ತನಿಖಾ ಮ್ಯಾಜಿಸ್ಟ್ರೇಟ್.

ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಸಿನಿಮಾ ಸಲೀಸಾಗುತ್ತದೆ. ನಮ್ಮಲ್ಲಿ ತನಿಖೆ ಪೊಲೀಸರ ಕೆಲಸ. ಅವರು ಚಾರ್ಜ್‌ಶೀಟ್ ಹಾಕಿದ ಮೇಲೆ ಕೋರ್ಟು ವಿಚಾರಣೆ ನಡೆಸುತ್ತದೆ. ಫ್ರಾನ್ಸ್, ಗ್ರೀಸ್‌ನಂಥ ದೇಶಗಳಲ್ಲಿ ಇಂಥ ಗಂಭೀರ ಕೇಸಿಗೆ ತನಿಖಾ ಮ್ಯಾಜಿಸ್ಟ್ರೇಟ್ ಇರುತ್ತಾನೆ. ಸಾಕ್ಷಿಗಳನ್ನು ತಾನೇ ಕರೆಸುತ್ತಾನೆ, ತಾನೇ ಕೇಳುತ್ತಾನೆ, ಹೇಳಿದ್ದನ್ನು ಪಕ್ಕದಲ್ಲಿ ಕೂತ ಗುಮಾಸ್ತ ಟೈಪ್ ಮಾಡುತ್ತಾನೆ. ಸಿನಿಮಾದ ಎರಡನೇ ಭಾಗ ಪೂರ್ತಿ ಒಂದು ಆಫೀಸು ರೂಮು ಮತ್ತು ಟೈಪ್‌ರೈಟರ್ ಸುತ್ತ ನಡೆಯುವುದು ಇದೇ ಕಾರಣಕ್ಕೆ. ಪೊಲೀಸರ ತಪ್ಪನ್ನು ಪೊಲೀಸರೇ ತನಿಖೆ ಮಾಡದೆ ಇನ್ನೊಬ್ಬರು ಮಾಡುವ ದಾರಿ ಅಲ್ಲಿ ಇತ್ತು. ಆ ದಾರಿ ಇಲ್ಲದಿದ್ದರೆ ಈ ಕಥೆಯೇ ಇಲ್ಲ.

ಈಗ ಥ್ರಿಲ್ ವಿಷಯಕ್ಕೆ ಬರೋಣ. ಯಾರು ಹೊಡೆದರು ಅನ್ನೋದನ್ನು ನಿರ್ದೇಶಕ ಕೋಸ್ತಾ ಗಾವ್ರಾಸ್ ಬೇಕೆಂದೇ ಬಚ್ಚಿಟ್ಟಿಲ್ಲ. ನಮಗೆ ಗೊತ್ತಿರುವ ಸತ್ಯ ಫೈಲಿನೊಳಗೆ ಹೋಗುತ್ತದಾ ಇಲ್ಲವಾ ಎನ್ನುವುದನ್ನು ಎರಡು ಗಂಟೆ ಕಾಯಿಸಿ ತೋರಿಸುತ್ತಾರೆ. ಕಣ್ಣಿಗೆ ಕಂಡದ್ದು ಹೇಳಿಕೆಯಾಗಬೇಕು, ಹೇಳಿಕೆ ಟೈಪ್ ಆಗಬೇಕು, ಅದಕ್ಕೆ ಸಹಿ ಬೀಳಬೇಕು. ಒಂದೊಂದು ಹಂತದಲ್ಲೂ ಯಾರೋ ಒಬ್ಬರು ಅಡ್ಡ ನಿಲ್ಲುತ್ತಾರೆ. ಒಮ್ಮೆ ಹೀಗೆ ನೋಡಲು ಶುರು ಮಾಡಿದರೆ ಟೈಪ್‌ರೈಟರ್ ಸದ್ದಿಗೂ ಎದೆ ಹೊಡೆದುಕೊಳ್ಳುತ್ತದೆ.

ಶವಪೆಟ್ಟಿಗೆಗಳಿಗೆ ವಾರ್ನಿಶ್ ಹೊಡೆಯುವ ಆ ಸಾಧಾರಣ ಮನುಷ್ಯನನ್ನು ನೆನಪಿಸಿಕೊಳ್ಳಿ. ಗಾಡಿ ಓಡಿಸಿದವನು ತನ್ನ ಮುಂದೆ ಬಾಯಿ ಬಿಟ್ಟದ್ದನ್ನು ಮ್ಯಾಜಿಸ್ಟ್ರೇಟ್‌ಗೆ ಹೇಳಬೇಕು ಅಂತ ಹೊರಡುತ್ತಾನೆ. ಅವನಿಗೆ ರಾಜಕೀಯವೇ ಬೇಕಿಲ್ಲ. ಕಂಡದ್ದು ಕೇಳಿದ್ದು ಹೇಳಬೇಕು, ಅಷ್ಟೇ. ದಾರಿಯಲ್ಲಿ ತಲೆಗೆ ಏಟು ಬಿದ್ದು ಆಸ್ಪತ್ರೆ ಸೇರುತ್ತಾನೆ. ನೀನು ಜಾರಿ ಬಿದ್ದಿದ್ದೀಯ ಅಂತ ಅವನಿಗೇ ಹೇಳುತ್ತಾರೆ! ಸ್ವಂತ ಸೋದರಿಯ ಕಡೆಯಿಂದಲೂ ಬೈಗುಳ ಬೀಳುತ್ತದೆ, ನಿನಗ್ಯಾಕೆ ಬೇಕಿತ್ತು ಇದೆಲ್ಲ ಅಂತ. ನನ್ನ ಮಟ್ಟಿಗೆ ಇಡೀ ಸಿನಿಮಾದ ಧೈರ್ಯ ಈ ಮನುಷ್ಯನಲ್ಲಿದೆ. ಸಂಸದನಿಗೆ ಪಕ್ಷ ಇತ್ತು, ಮ್ಯಾಜಿಸ್ಟ್ರೇಟ್‌ಗೆ ಕುರ್ಚಿ ಇತ್ತು. ಇವನಿಗೆ ಏನೂ ಇರಲಿಲ್ಲ.

ಇನ್ನೊಂದು ಜಾಗ. ಗಾಡಿಯ ಮೇಲೆ ಹಾರಿ, ದೊಣ್ಣೆ ಬೀಸಿದವನ ಜೊತೆ ಗುದ್ದಾಡಿದವನನ್ನು ವಿವರಿಸುವಾಗ ಒಂದು ಹೇಳಿಕೆಯಲ್ಲಿ 'ಹುಲಿಯ ಹಾಗೆ' ಎಂಬ ಮಾತು ಬರುತ್ತದೆ. ಅದೇ ಹೋಲಿಕೆ, ಹೆಚ್ಚುಕಮ್ಮಿ ಅದೇ ಪದಗಳಲ್ಲಿ, ಇನ್ನೊಬ್ಬರ ಬಾಯಲ್ಲೂ ಬರುತ್ತದೆ. ಬೀದಿಯ ಗೂಂಡಾ ಮತ್ತು ದೊಡ್ಡ ಅಧಿಕಾರಿ ಇಬ್ಬರೂ ಒಂದೇ ಮಾತು ಆಡುವುದು ಹೇಗೆ? ಯಾರೋ ಕಲಿಸಿಕೊಟ್ಟಿದ್ದಾರೆ ಅಂತ ತಾನೆ? ಮ್ಯಾಜಿಸ್ಟ್ರೇಟ್ ಪಾತ್ರದ ಝಾನ್ ಲೂಯಿ ತ್ರಾಂತಿನ್ಯಾ ಅಲ್ಲಿ ಏನೂ ಮಾಡುವುದಿಲ್ಲ. ಬಣ್ಣದ ಕನ್ನಡಕದ ಹಿಂದೆ ಮುಖ ಹಾಗೇ ಇರುತ್ತದೆ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಬಂದದ್ದು ಇಂಥ ಸುಮ್ಮನಿರುವಿಕೆಗೇ ಅಂತ ನಾನು ನಂಬಿದ್ದೇನೆ.

ಇನ್ನು ನೀವು ಕೊಡಗಿನವರಾದ್ದರಿಂದ ಒಂದು ದೃಶ್ಯದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಸಿನಿಮಾ ಶುರುವಾಗುವುದೇ ಒಂದು ಸರ್ಕಾರಿ ಸಭೆಯಿಂದ. ಅಧಿಕಾರಿಗಳು ಸಾಲಾಗಿ ಕೂತಿದ್ದಾರೆ. ಒಬ್ಬರು ದ್ರಾಕ್ಷಿ ಬಳ್ಳಿಗೆ ಬರುವ ಬೂಜು ರೋಗದ ಬಗ್ಗೆ, ಅದಕ್ಕೆ ಹೊಡೆಯಬೇಕಾದ ಔಷಧಿಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದಾರೆ. ಕೇಳುವವರಿಗೆ ನಿದ್ದೆ. ಎಷ್ಟೋ ಜನ ಇದನ್ನು ದಾಟಿಸಿ ಮುಂದೆ ಹೋಗುತ್ತಾರೆ. ದಯವಿಟ್ಟು ದಾಟಿಸಬೇಡಿ. ಅಲ್ಲಿ ಹೇಳುತ್ತಿರುವುದು ನಿಮ್ಮ ತೋಟದ ಕೆಲಸವನ್ನೇ. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಕೊಳೆರೋಗ ಬರದ ಹಾಗೆ ಕಾಫಿಗೆ, ಸೊರಗುರೋಗ ಬರದ ಹಾಗೆ ಮೆಣಸಿನ ಬಳ್ಳಿಗೆ ನಾವು ಹೊಡೆಯುವ ಈ ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಯ ಬೂಜಿಗೆಂದೇ ಹುಟ್ಟಿದ್ದು.

ಆಮೇಲೆ ಜನರಲ್ ಎದ್ದು ನಿಲ್ಲುತ್ತಾನೆ. ಬಳ್ಳಿಗೆ ರೋಗ ಬರುವ ಹಾಗೆ ಸಮಾಜಕ್ಕೂ ವಿಚಾರಗಳ ರೋಗ ಬರುತ್ತದೆ, ಅದಕ್ಕೂ ಔಷಧಿ ಹೊಡೆಯಬೇಕು ಅನ್ನುತ್ತಾನೆ. ಶಾಲೆಯಲ್ಲೊಮ್ಮೆ, ಕಾಲೇಜಿನಲ್ಲೊಮ್ಮೆ, ಸೇನೆಗೆ ಸೇರಿದಾಗೊಮ್ಮೆ. ಪ್ಯಾರಿಸ್ಸಿನ ಪ್ರೇಕ್ಷಕ ಇದನ್ನು ಬರೀ ಒಂದು ಭಾಷಣ ಅಂತ ಕೇಳಿರಬಹುದು. ತೋಟ ಇರುವವರಿಗೆ ಅದರೊಳಗಿನ ಭಯ ಬೇಗ ತಟ್ಟುತ್ತದೆ. ಯಾಕೆಂದರೆ ಬೋರ್ಡೋ ಹೊಡೆಯುವುದು ರೋಗ ಬಂದ ಮೇಲಲ್ಲ, ಬರುವ ಮೊದಲು. ಎಲೆ ಇನ್ನೂ ಹಸಿರಾಗಿರುವಾಗಲೇ. ಹಾಗಾದರೆ ಜನರಲ್ ಹೇಳುತ್ತಿರುವುದೇನು? ಯಾರೂ ಏನೂ ತಪ್ಪು ಮಾಡುವ ಮೊದಲೇ, ಬಾಯಿ ತೆರೆಯುವ ಮೊದಲೇ ಅವರ ಮೇಲೆ ಕೈ ಹಾಕಬೇಕು ಅಂತ. ಮುಂದೆ ನಡೆಯುವ ಕೊಲೆ ಈ ಸಭೆಯಲ್ಲೇ ಶುರುವಾಗಿದೆ. ಎರಡನೇ ಸಲ ನೋಡುವಾಗ ಕೊಂದವರು ಯಾರು ಎಂಬುದಕ್ಕೆ ನಿಮಗೆ ಬೇರೆಯೇ ಉತ್ತರ ಇಲ್ಲಿ ಸಿಗುತ್ತದೆ.

ಇದರ ಹಿಂದಿನ ನಿಜ ಘಟನೆ ಗ್ರೀಸ್ ದೇಶದ್ದು. ಗ್ರಿಗೋರಿಸ್ ಲಾಂಬ್ರಾಕಿಸ್ ಅಥೆನ್ಸ್‌ನಲ್ಲಿ ಡಾಕ್ಟರು. ಉದ್ದ ಜಿಗಿತದಲ್ಲಿ ಗ್ರೀಸ್‌ನ ದಾಖಲೆಯನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದ ಕ್ರೀಡಾಪಟು. 1961ರಲ್ಲಿ ಸಂಸದರಾದರು. 1963ರ ಏಪ್ರಿಲ್‌ನಲ್ಲಿ ಮ್ಯಾರಥಾನ್ ಊರಿನಿಂದ ಅಥೆನ್ಸ್‌ಗೆ ಶಾಂತಿ ನಡಿಗೆ ಮಾಡಲು ಸರ್ಕಾರ ಬಿಡಲಿಲ್ಲ. ಬಂದವರನ್ನೆಲ್ಲ ಪೊಲೀಸರು ಹಿಡಿದರು. ಸಂಸದರಾದ್ದರಿಂದ ಬಂಧನದಿಂದ ರಕ್ಷಣೆ ಇದ್ದ ಲಾಂಬ್ರಾಕಿಸ್ ಬ್ಯಾನರ್ ಹಿಡಿದು ಒಬ್ಬರೇ ನಡೆದರು. ಮುಂದಿನ ತಿಂಗಳು, ಮೇ 22ರ ರಾತ್ರಿ, ಥೆಸಲೋನಿಕಿ ನಗರದಲ್ಲಿ ಸಭೆ ಮುಗಿಸಿ ಹೊರಬಂದಾಗ ಮೂರು ಚಕ್ರದ ಗಾಡಿಯಲ್ಲಿ ಬಂದವರು ಹೊಡೆದರು. ಮೇ 27ರಂದು ತೀರಿಕೊಂಡರು. ಅಂತ್ಯಕ್ರಿಯೆಗೆ ಲಕ್ಷಾಂತರ ಜನ ಸೇರಿದರು. 'ಅವರು ಬದುಕಿದ್ದಾರೆ' ಎಂಬರ್ಥದಲ್ಲಿ ಝಡ್ ಅಕ್ಷರ ಗೋಡೆಗಳ ಮೇಲೆ ಬಂದದ್ದು ಆಗ.

ತನಿಖೆ ನಡೆಸಿದ ಮ್ಯಾಜಿಸ್ಟ್ರೇಟ್ ಕ್ರಿಸ್ತೋಸ್ ಸಾರ್ತ್‌ಝೆಟಾಕಿಸ್. ಮೂವತ್ತರ ಆಸುಪಾಸಿನ ವಯಸ್ಸು. ಗೂಂಡಾಗಳ ಹಿಂದೆ ಪೊಲೀಸ್ ಅಧಿಕಾರಿಗಳಿದ್ದಾರೆ ಅಂತ ಅವರು ಹಿಡಿದು ತೆಗೆದರು. ವಸಿಲಿಸ್ ವಸಿಲಿಕೋಸ್ 1966ರಲ್ಲಿ ಇದನ್ನು ಕಾದಂಬರಿ ಮಾಡಿದರು. 1967ರ ಏಪ್ರಿಲ್ 21ರಂದು ಕರ್ನಲ್‌ಗಳ ಗುಂಪು ಟ್ಯಾಂಕ್ ಇಳಿಸಿ ದೇಶವನ್ನು ಕೈಗೆ ತೆಗೆದುಕೊಂಡಿತು. ಆಮೇಲೆ ಗ್ರೀಸ್‌ನಲ್ಲಿ ಈ ಸಿನಿಮಾ ತೆಗೆಯುವ ಮಾತೇ ಇರಲಿಲ್ಲ. ಚಿತ್ರೀಕರಣ ನಡೆದದ್ದು ಅಲ್ಜೀರಿಯಾದಲ್ಲಿ. ವಿದೇಶಿ ಭಾಷೆಯ ಸಿನಿಮಾದ ಆಸ್ಕರ್ ಬಂದದ್ದೂ ಅಲ್ಜೀರಿಯಾದ ಹೆಸರಿಗೇ. ಸಂಕಲನಕ್ಕೆ ಫ್ರಾನ್ಸ್ವಾಜ್ ಬೊನೋ ಅವರಿಗೆ ಇನ್ನೊಂದು ಆಸ್ಕರ್ ಬಂತು. ಸಂಗೀತ ಮಿಕಿಸ್ ಥಿಯೋಡೊರಾಕಿಸ್ ಅವರದು. ಅವರನ್ನು ಸೇನಾ ಸರ್ಕಾರ ಆಗ ದೂರದ ಬೆಟ್ಟದ ಹಳ್ಳಿಯೊಂದರಲ್ಲಿ ಇಟ್ಟಿತ್ತು. ಅವರ ಹಾಡು ನುಡಿಸುವುದು, ಕೇಳುವುದು ಗ್ರೀಸ್‌ನಲ್ಲಿ ನಿಷೇಧ. ಹೊಸದಾಗಿ ಸಂಗೀತ ಮಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮೊದಲೇ ಮಾಡಿದ್ದನ್ನು ಬಳಸಿಕೊಳ್ಳಲು ಒಪ್ಪಿಗೆ ಕೊಟ್ಟರು. ಎರಡನೇ ಸಲ ನೋಡುವಾಗ ಆ ತಂತಿವಾದ್ಯದ ಸದ್ದನ್ನು ಇದು ನೆನಪಿಟ್ಟುಕೊಂಡು ಕೇಳಿ.

ನಿಮ್ಮ ಮಾವನವರ ಬೇಜಾರು ನನಗೆ ಪೂರ್ತಿ ಅರ್ಥವಾಗುತ್ತದೆ. ಅದನ್ನು ತಳ್ಳಿಹಾಕಬೇಡಿ. ಸೇನೆಗೆ ಹೋದವರ ಫೋಟೊ ಗೋಡೆಯ ಮೇಲಿಲ್ಲದ ಮನೆ ಕೊಡಗಿನಲ್ಲಿ ಹುಡುಕಬೇಕು. 1949ರ ಜನವರಿ 15ರಂದು ಭಾರತೀಯ ಸೇನೆಯ ನೇತೃತ್ವ ವಹಿಸಿದ ಮೊದಲ ಭಾರತೀಯ ಕಾರ್ಯಪ್ಪನವರು ಇಲ್ಲಿಯವರು. ತಿಮ್ಮಯ್ಯನವರು ಇಲ್ಲಿಯವರು. ಈ ನೆಲದಲ್ಲಿ ಯೂನಿಫಾರಂ ಅಂದರೆ ಮರ್ಯಾದೆ. ಆದರೆ ಮಾವನವರಿಗೆ ಎರಡು ಮೂರು ವಿಷಯ ಹೇಳಿ.

ಸಿನಿಮಾದಲ್ಲಿ ಸಿಕ್ಕಿಬೀಳುವ ಜನರಲ್ ಗಡಿ ಕಾಯುವ ಸೇನೆಯವನಲ್ಲ. ಅದು ಜೆಂಡರ್ಮರಿ, ಅಂದರೆ ಸೇನೆಯ ರ‍್ಯಾಂಕು, ಶಿಸ್ತು ಇಟ್ಟುಕೊಂಡು ಪೊಲೀಸ್ ಕೆಲಸ ಮಾಡುವ ಪಡೆ. ನಮ್ಮಲ್ಲಿ ಅದಕ್ಕೆ ಸರಿಯಾದ ಜೋಡಿ ಇಲ್ಲದ್ದರಿಂದ ಪದಕ, ಟೋಪಿ ನೋಡಿದ ಕೂಡಲೇ ಸೇನೆ ಅನ್ನಿಸಿಬಿಡುತ್ತದೆ.

ಇನ್ನೊಂದು. ಕರ್ನಲ್‌ಗಳ ಆಡಳಿತವನ್ನು ಗ್ರೀಸ್‌ನ ಸೈನಿಕರೆಲ್ಲ ಒಪ್ಪಿರಲಿಲ್ಲ. 1973ರ ಮೇ ತಿಂಗಳಲ್ಲಿ ವೆಲೋಸ್ ಎಂಬ ಯುದ್ಧನೌಕೆ ನ್ಯಾಟೋ ಅಭ್ಯಾಸದ ನಡುವೆಯೇ ಬೇರೆ ದಿಕ್ಕು ಹಿಡಿದು ಇಟಲಿಯ ತೀರಕ್ಕೆ ಹೋಗಿ ನಿಂತಿತು. ಕ್ಯಾಪ್ಟನ್ ನಿಕೋಲಾವೋಸ್ ಪಪ್ಪಾಸ್ ಮತ್ತು ಅವರ ಜೊತೆಯ ಕೆಲವರು ಅಲ್ಲಿ ಇಳಿದು ಆಶ್ರಯ ಕೇಳಿದರು. ದೇಶದಲ್ಲಿ ನಡೆಯುತ್ತಿರುವುದನ್ನು ಜಗತ್ತಿಗೆ ಹೇಳಬೇಕು ಅಂತ ಕೆಲಸ, ಊರು, ಸಂಸಾರ ಎಲ್ಲ ಬಿಟ್ಟು ಹೋದ ನಾವಿಕರು ಅವರು. ಪ್ರಜಾಪ್ರಭುತ್ವ ವಾಪಸ್ ಬಂದ ಮೇಲೆ ಪಪ್ಪಾಸ್ ಅದೇ ನೌಕಾಪಡೆಯ ಮುಖ್ಯಸ್ಥರಾದರು. ಸಿನಿಮಾ ಬಂದ ಮೇಲೆ ನಡೆದ ಘಟನೆಯಾದ್ದರಿಂದ ಇದು ಅದರಲ್ಲಿ ಇಲ್ಲ. ಸುಬೇದಾರ್ ಸಾಹೇಬರಿಗೆ ಇದು ಖಂಡಿತ ಗೊತ್ತಿರಬೇಕು.

ನಮ್ಮ ಚರಿತ್ರೆಯನ್ನೂ ಪಕ್ಕದಲ್ಲಿಟ್ಟು ನೋಡಲಿ. 1959ರಲ್ಲಿ ಸೇನಾ ಮುಖ್ಯಸ್ಥ ತಿಮ್ಮಯ್ಯನವರಿಗೂ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರಿಗೂ ಸರಿಬರಲಿಲ್ಲ. ತಿಮ್ಮಯ್ಯನವರು ಮಾಡಿದ್ದೇನು? ರಾಜೀನಾಮೆ ಬರೆದು ಕೊಟ್ಟರು. ನೆಹರೂ ಮಾತನಾಡಿದ ಮೇಲೆ ಹಿಂದೆ ತೆಗೆದುಕೊಂಡರು. ಅಷ್ಟು ದೊಡ್ಡ ಸಿಟ್ಟೂ ಒಂದು ಕಾಗದದಲ್ಲಿ ಮುಗಿಯಿತು. ಎಂಟೇ ವರ್ಷದ ನಂತರ ಅಥೆನ್ಸ್‌ನಲ್ಲಿ ಟ್ಯಾಂಕುಗಳು ರಸ್ತೆಗಿಳಿದವು. ಈ ಎರಡರ ನಡುವಿನ ವ್ಯತ್ಯಾಸವನ್ನು ಅನುಭವದಿಂದ ಬಲ್ಲವರು ನಿಮ್ಮ ಮಾವನಂಥವರು. ಈ ಸಿನಿಮಾದ ಸಿಟ್ಟು ಅವರ ಮೇಲಲ್ಲ. ಅವರು ಯಾವುದನ್ನು ಕಾಪಾಡಿಕೊಂಡು ಬಂದರೋ ಅದನ್ನು ಕೆಡಿಸಿದವರ ಮೇಲೆ.

ಮಾವ ಎದ್ದು ಹೋಗಿ ತಪ್ಪಿಸಿಕೊಂಡ ದೃಶ್ಯವೇ ಸಿನಿಮಾದ ಅತಿ ಒಳ್ಳೆಯ ದೃಶ್ಯ. ಅಧಿಕಾರಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಕಾರಿಡಾರ್‌ನಲ್ಲಿ ಬೂಟಿನ ಸದ್ದು. ಎದೆ ತುಂಬ ಪದಕ. ಮ್ಯಾಜಿಸ್ಟ್ರೇಟ್ ಕೇಳುವುದು ಒಂದೇ: ಹೆಸರು, ಮನೆತನದ ಹೆಸರು, ಉದ್ಯೋಗ. ಕಟ್‌ಕಟ್ ಅಂತ ಟೈಪ್‌ರೈಟರ್. ಆರೋಪ ಓದುತ್ತಾನೆ. ಬಂದವರು ಕೂಗಾಡುತ್ತಾರೆ, ಬೆದರಿಸುತ್ತಾರೆ. ಹೊರಡುವಾಗ ಗಾಬರಿಯಲ್ಲಿ ತಪ್ಪು ಬಾಗಿಲಿಗೆ ಹೋಗಿ ಎಳೆಯುತ್ತಾರೆ. ಅದಕ್ಕೆ ಬೀಗ. ಹೊರಗೆ ಕಾದಿರುವ ಪತ್ರಕರ್ತನೊಬ್ಬ ಜನರಲ್‌ನನ್ನು ನೀವೂ ಡ್ರೈಫಸ್ ಹಾಗೆ ನಿರಪರಾಧಿಯೇ ಅಂತ ಕೇಳುತ್ತಾನೆ. ಆಲ್ಫ್ರೆಡ್ ಡ್ರೈಫಸ್ 1894ರಲ್ಲಿ ಸುಳ್ಳು ಆರೋಪದಲ್ಲಿ ಶಿಕ್ಷೆಗೊಳಗಾದ ಫ್ರೆಂಚ್ ಸೇನೆಯ ಯಹೂದಿ ಕ್ಯಾಪ್ಟನ್. 1906ರಲ್ಲಿ ಅವನು ನಿರ್ದೋಷಿ ಅಂತ ತೀರ್ಪಾಯಿತು. ಜನರಲ್ ಕಿರುಚುತ್ತಾನೆ, ಡ್ರೈಫಸ್ ತಪ್ಪಿತಸ್ಥ ಅಂತ. ಆ ಒಂದು ಮಾತಿನಲ್ಲಿ ಅವನ ಒಳಗೆಲ್ಲ ಹೊರಗೆ ಬಂದುಬಿಡುತ್ತದೆ. ಈ ಹಿನ್ನೆಲೆ ಗೊತ್ತಿಲ್ಲದೆ ನೋಡಿದರೆ ಅದು ಸುಮ್ನೆ ಹಾದುಹೋಗುತ್ತದೆ. ಓದಿ ಎರಡನೇ ಸಲ ನೋಡಿ ಅಂತ ಹೇಳುವುದು ಇಂಥದ್ದಕ್ಕೇ.

ಗೆದ್ದೆವು ಅಂತ ನಾವು ಉಸಿರು ಬಿಡುವಷ್ಟರಲ್ಲಿ ಸಿನಿಮಾ ತಿರುಗಿಬೀಳುತ್ತದೆ. ಸಾಕ್ಷಿಗಳು ಒಬ್ಬೊಬ್ಬರಾಗಿ ಸಾಯುತ್ತಾರೆ. ಸುದ್ದಿ ಓದುತ್ತಿದ್ದ ಪತ್ರಕರ್ತನ ಜಾಗದಲ್ಲಿ ಒಬ್ಬ ಹೆಂಗಸು ಬಂದು, ಅವನಿಗೂ ಜೈಲಾಯಿತು ಅಂತ ಓದುತ್ತಾಳೆ. ಕೊನೆಗೆ ನಿಷೇಧವಾದವುಗಳ ಪಟ್ಟಿ: ಉದ್ದ ಕೂದಲು, ಮಿನಿಸ್ಕರ್ಟ್, ಸೊಫೊಕ್ಲಿಸ್, ಟಾಲ್‌ಸ್ಟಾಯ್, ಬೀಟಲ್ಸ್, ಮುಷ್ಕರ, ಹೊಸ ಗಣಿತ, ಝಡ್ ಅಕ್ಷರ. 1975ರ ತುರ್ತು ಪರಿಸ್ಥಿತಿಯಲ್ಲಿ ಸೆನ್ಸಾರ್ ಆದ ಪತ್ರಿಕೆ ಓದಿದ ಹಿರಿಯರು ಮನೆಯಲ್ಲಿದ್ದರೆ ಈ ಪಟ್ಟಿಯನ್ನು ಅವರ ಜೊತೆ ಕೂತು ನೋಡಿ.

ತಡವಾಗಿ ನೋಡುವವರಿಗೆ ಸಿಗುವ ದೊಡ್ಡ ಲಾಭ ಇಲ್ಲೇ ಇದೆ. 1969ರಲ್ಲಿ ಥಿಯೇಟರಿನಲ್ಲಿ ಕೂತವರಿಗೆ ಕಥೆ ಆ ಪಟ್ಟಿಗೇ ನಿಂತುಹೋಗಿತ್ತು. ಮುಂದೇನು ಅಂತ ಸಿನಿಮಾ ಮಾಡಿದವರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತು. 1973ರ ನವೆಂಬರ್‌ನಲ್ಲಿ ಅಥೆನ್ಸ್‌ನ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಎದ್ದು ನಿಂತರು. ಟ್ಯಾಂಕ್ ಗೇಟು ಮುರಿದು ಒಳಗೆ ನುಗ್ಗಿತು. 1974ರ ಜುಲೈನಲ್ಲಿ, ಸೈಪ್ರಸ್‌ನಲ್ಲಿ ಕೈಸುಟ್ಟುಕೊಂಡ ಮೇಲೆ, ಸೇನಾ ಆಡಳಿತ ಬಿತ್ತು. ಕೆಲಸ ಕಳೆದುಕೊಂಡು ಜೈಲಿಗೂ ಹೋಗಿದ್ದ ಮ್ಯಾಜಿಸ್ಟ್ರೇಟ್ ಸಾರ್ತ್‌ಝೆಟಾಕಿಸ್ 1985ರಲ್ಲಿ ಗ್ರೀಸ್‌ನ ರಾಷ್ಟ್ರಪತಿಯಾದರು! ಇದನ್ನು ತಿಳಿದು ಮತ್ತೆ ನೋಡಿ. ಆ ಆಫೀಸು ರೂಮಿನಲ್ಲಿ ಕೂತ ಮನುಷ್ಯನ ಪ್ರತಿ ಪ್ರಶ್ನೆಯ ತೂಕ ಬದಲಾಗುತ್ತದೆ.

ಹಾಗಂತ ಎಲ್ಲವೂ ಹೊಸದಾಗೇ ಉಳಿದಿಲ್ಲ. ದೊಣ್ಣೆ ಬೀಸಿದವನ ಕೆಟ್ಟತನ ತೋರಿಸಲು ಅವನು ಸಲಿಂಗಕಾಮಿ ಎಂಬುದನ್ನು ಬಳಸಿಕೊಂಡಿರುವುದು ನನಗೆ ಒಪ್ಪಿಗೆಯಿಲ್ಲ. ಕೊಲೆ ಮಾಡಿದ್ದು ಸಾಲದೆ? ಸಂಸದನ ಹೆಂಡತಿಯಾಗಿ ಐರೀನ್ ಪಾಪಾಸ್ ಅಂಥ ದೊಡ್ಡ ನಟಿಯನ್ನು ಕರೆತಂದು ಬರೀ ದುಃಖಿಸಲು ಬಿಟ್ಟಿದ್ದಾರೆ. ಸತ್ತ ಸಂಸದನೂ, ಇವ್ ಮೊಂತಾಂ ಎಷ್ಟೇ ಚೆನ್ನಾಗಿ ಮಾಡಿದ್ದರೂ, ಸ್ವಲ್ಪ ಜಾಸ್ತಿಯೇ ಒಳ್ಳೆಯವನು. ಚರಿತ್ರೆಯ ಪಾಠವೆಂದು ನೋಡಿದರೆ ಮೋಸ ಹೋಗುತ್ತೀರಿ. ಇದು ಒಂದು ಕಡೆಯವರು ಹೊಟ್ಟೆಯುರಿಯಿಂದ ಹೇಳಿದ ಮಾತು. ಹೋಲಿಕೆಗಳು ಬೇಕೆಂದೇ ಇವೆ ಅಂತ ಶುರುವಿನಲ್ಲೇ ತೆರೆಯ ಮೇಲೆ ಬರೆದು ತೋರಿಸಿದ್ದಾರಲ್ಲ.

ಇದೇ ದಾರಿಯಲ್ಲಿ ಮುಂದೆ ನೋಡುವುದಾದರೆ ಕನ್ನಡದಲ್ಲೇ ಶಂಕರ್‌ನಾಗ್ ಅವರ 'ಆಕ್ಸಿಡೆಂಟ್' ಇದೆ, 1985ರದ್ದು. ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹರಿಸುತ್ತಾನೆ. ಅಲ್ಲೂ ಯಾರು ಮಾಡಿದ್ದೆಂದು ನಮಗೆ ಮೊದಲೇ ಗೊತ್ತು. ಅಲ್ಲೂ ಕುತೂಹಲ ಅದನ್ನು ಹೇಗೆ ಮುಚ್ಚುತ್ತಾರೆ ಎಂಬುದರಲ್ಲೇ. ರಾಜಕಾರಣಿಯಾಗಿ ಅನಂತ್‌ನಾಗ್ ಅವರನ್ನು ನೋಡಲಿಕ್ಕೇ ಅದನ್ನು ಹಾಕಬಹುದು. ವಸಿಲಿಕೋಸ್ ಕಾದಂಬರಿಯಿಂದಲೇ 2012ರಲ್ಲಿ ಹಿಂದಿಯ 'ಶಾಂಘೈ' ಬಂತು. ಅದನ್ನು ಆಮೇಲೆ ನೋಡಿ. ಮೊದಲು 'ಆಕ್ಸಿಡೆಂಟ್' ನೋಡಿದರೆ ಮಾವನವರಿಗೆ ಸಬ್‌ಟೈಟಲ್ ಓದುವ ಕಷ್ಟವೂ ಇಲ್ಲ.

'ಝಡ್' ಎರಡನೇ ಸಲ ಹಾಕುವಾಗ ಪೂರ್ತಿ 127 ನಿಮಿಷ ಒಂದೇ ಸಲ ಕೂರಬೇಕೆಂದಿಲ್ಲ. ಮಳೆಗಾಲದ ಕರೆಂಟು ಹೇಗೂ ಬಿಡುವುದಿಲ್ಲ. ಸಂಸದ ಆಸ್ಪತ್ರೆಯಲ್ಲಿ ತೀರಿಕೊಳ್ಳುವಲ್ಲಿಗೆ ನಿಲ್ಲಿಸಿ, ಮ್ಯಾಜಿಸ್ಟ್ರೇಟ್ ಭಾಗವನ್ನು ಮರುದಿನ ನೋಡಿ. ಪಾತ್ರಗಳ ಹೆಸರು ಗೊಂದಲವಾದರೆ ಬಿಡಿ. ಯಾರು ಯಾರಿಗೆ ಫೋನ್ ಮಾಡುತ್ತಾರೆ, ಯಾರು ಯಾರ ಮುಂದೆ ಎದ್ದು ನಿಲ್ಲುತ್ತಾರೆ, ಇಷ್ಟನ್ನು ಗಮನಿಸಿದರೆ ಸಾಕು, ಎಳೆ ಸಿಗುತ್ತದೆ. ಮೊದಲ ದೃಶ್ಯದ ಔಷಧಿಯ ಭಾಷಣ ಬಂದಾಗ ಮಾವನವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಲ್ಲಿಂದ ಕೊನೆಯ ಕಾರಿಡಾರ್‌ವರೆಗೆ ಈ ಸಲ ಅವರು ಎದ್ದು ಹೋಗುವುದಿಲ್ಲ ಅಂತ ನನಗನ್ನಿಸುತ್ತದೆ. ಹೋದರೆ ಯಾವ ದೃಶ್ಯದಲ್ಲಿ ಹೋದರು, ಏನು ಹೇಳಿದರು ಅಂತ ಬರೆಯಿರಿ. ಸೇನೆಯಲ್ಲಿ ಇದ್ದು ಬಂದವರ ಆಕ್ಷೇಪವನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು ಎಂಬ ಆಸೆ ನನಗಿದೆ.